ಅಂಗದಾನಿಗೆ ನಲವತ್ತೆರಡು ದಿನಗಳ ರಜೆ

ಮೂತ್ರಪಿಂಡಗಳು ಕೆಟ್ಟುಹೋದ ತಾಯಿಗೆ ಮಗನು ತನ್ನದೊಂದನ್ನು ಕೊಡಲು ಮುಂದಾದಾಗ ಮನೆಯವರು ಮೊದಲು ವಿಚಾರಿಸುವುದು ರಕ್ತದ ಗುಂಪನ್ನು. ಅನಂತರ, ಸ್ವಲ್ಪ ಸಂಕೋಚದಿಂದ, ಆತನ ನೌಕರಿಯನ್ನು. ವಿಶಾಖಪಟ್ಟಣದಲ್ಲಿ ಇಲ್ಲವೆ ವಿಜಯವಾಡದಲ್ಲಿ ತಿಂಗಳ ಸಂಬಳವನ್ನೇ ನಂಬಿ ನೆಲೆಸಿರುವ ಕನ್ನಡ ಕುಟುಂಬಕ್ಕೆ ಊರಿನ ಬಂಧುಬಳಗದ ಆಸರೆ ದೂರ. ಒಂದೂವರೆ ತಿಂಗಳು ಕೆಲಸಕ್ಕೆ ಹೋಗದಿದ್ದರೆ ಗತಿಯೇನು ಎಂಬ ಪ್ರಶ್ನೆಗೆ ವೈದ್ಯರಲ್ಲಿ ಉತ್ತರವಿಲ್ಲ.

ಕೇಂದ್ರ ಸರ್ಕಾರವು 2023ರ ಏಪ್ರಿಲ್ 25ರಂದು ಹೊರಡಿಸಿದ ಆದೇಶದಲ್ಲಿ ಈ ಪ್ರಶ್ನೆಗೆ ಭಾಗಶಃ ಉತ್ತರವಿದೆ. ಅಂಗದಾನ ಮಾಡುವ ಕೇಂದ್ರ ನೌಕರನಿಗೆ, ಶಸ್ತ್ರಚಿಕಿತ್ಸೆ ಯಾವ ಬಗೆಯದಾದರೂ, ಗರಿಷ್ಠ 42 ದಿನಗಳ ವಿಶೇಷ ಸಾಂದರ್ಭಿಕ ರಜೆ ದೊರೆಯುತ್ತದೆ. ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದ ದಿನದಿಂದ ಒಂದೇ ಸಮನೆ ಇದನ್ನು ಪಡೆಯತಕ್ಕದ್ದು. ವೈದ್ಯರ ಶಿಫಾರಸಿದ್ದರೆ ಶಸ್ತ್ರಚಿಕಿತ್ಸೆಗೆ ಒಂದು ವಾರ ಮುಂಚಿನಿಂದಲೂ ಪಡೆಯಬಹುದು.

ಈ ಅನುಕೂಲದ ಬೆಲೆ ತಿಳಿಯಲು ರಜೆಯ ಲೆಕ್ಕದ ಪುಸ್ತಕವನ್ನು ತೆರೆಯಬೇಕು. ಕೇಂದ್ರ ನೌಕರನಿಗೆ ವರ್ಷಕ್ಕೆ ಜಮೆಯಾಗುವುದು 30 ದಿನಗಳ ಗಳಿಕೆ ರಜೆ, 20 ದಿನಗಳ ಅರ್ಧ ವೇತನ ರಜೆ. ಇದೇ 42 ದಿನಗಳನ್ನು ವೈದ್ಯರ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆಯಾಗಿ ಪಡೆದರೆ ಅರ್ಧ ವೇತನ ರಜೆಯಲ್ಲಿ 84 ದಿನಗಳು ಖರ್ಚಾಗುತ್ತವೆ; ಎಂದರೆ ನಾಲ್ಕು ವರ್ಷಗಳಿಗೂ ಮೀರಿದ ಉಳಿತಾಯ. ವಿಶೇಷ ರಜೆಯಾದರೋ ಸಂಬಳಸಹಿತವಾದುದು, ಈ ಖಾತೆಗಳನ್ನು ಮುಟ್ಟದು.

ನಲವತ್ತೆರಡು ದಿನಗಳು ಸಾಕೇ? ಮೂತ್ರಪಿಂಡ ಕೊಟ್ಟವನು ಮೇಜಿನ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಮರಳಬಲ್ಲನು. ಭಾರ ಎತ್ತುವ ಕೆಲಸವಾದರೆ ಇನ್ನಷ್ಟು ಕಾಲ ಬೇಕಾದೀತು. ಯಕೃತ್ತಿನ ಭಾಗವನ್ನು ಕೊಟ್ಟವನಿಗೆ ಎರಡು ಮೂರು ತಿಂಗಳು ಹಿಡಿಯುವುದೂ ಉಂಟು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ತೊಡಕುಗಳುಂಟಾದ ಸಂದರ್ಭದ ಹೊರತು ಈ ರಜೆಗೆ ಬೇರೆ ರಜೆಯನ್ನು ಸೇರಿಸಲಾಗದು. ತೊಡಕಿಲ್ಲದೆ ನಿಧಾನವಾಗಿ ಚೇತರಿಸಿಕೊಳ್ಳುವ ಯಕೃತ್ತಿನ ದಾನಿಗೆ ಇದು ಬಿಗಿಯಾದ ಅಳತೆಯೇ ಸರಿ. ಇದಲ್ಲದೆ ರಕ್ತ, ಅಂಗಾಂಶಗಳ ಹೊಂದಾಣಿಕೆಯ ಪರೀಕ್ಷೆ, ಸ್ಕ್ಯಾನ್, ಅನುಮತಿ ಸಮಿತಿಯ ಮುಂದಿನ ಹಾಜರಿ ಇವೆಲ್ಲ ವಾರಗಳ ಮೊದಲೇ ನಡೆಯುವುದರಿಂದ, ಆ ದಿನಗಳಿಗೆ ನೌಕರನು ತನ್ನ ಸ್ವಂತ ರಜೆಯನ್ನೇ ಬಳಸಬೇಕಾಗುತ್ತದೆ.

ಇನ್ನು, ಆದೇಶವು ಯಾರಿಗೆ ಅನ್ವಯಿಸುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ. 1972ರ ಕೇಂದ್ರ ಸಿವಿಲ್ ಸೇವಾ ರಜೆ ನಿಯಮಗಳಿಗೆ ಒಳಪಟ್ಟವರಿಗೆ ಮಾತ್ರ. ವಿಶಾಖಪಟ್ಟಣದ ಸುಂಕದ ಕಚೇರಿಯ ಗುಮಾಸ್ತನಿಗೂ ವಿಜಯವಾಡದ ಅಂಚೆ ನೌಕರನಿಗೂ ಇದು ಸಲ್ಲುತ್ತದೆ. ಅದೇ ಬೀದಿಯಲ್ಲಿ ವಾಸಿಸುವ ರೈಲ್ವೆ ಗಾರ್ಡ್ ಈ ನಿಯಮಗಳ ಹೊರಗಿನವನು. ಆತನು ರೈಲ್ವೆ ಮಂಡಳಿಯ ಆದೇಶಗಳನ್ನು ನೋಡಬೇಕು. ಉಕ್ಕಿನ ಕಾರ್ಖಾನೆ, ತೈಲ ಸಂಸ್ಕರಣಾಗಾರ, ಬ್ಯಾಂಕುಗಳಿಗೆ ಅವುಗಳವೇ ಆದ ಸೇವಾ ನಿಯಮಗಳಿವೆ. ಖಾಸಗಿ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿಯುವ ನಮ್ಮವರಿಗೆ ಈ ಆದೇಶದಿಂದ ಒಂದು ದಿನವೂ ದಕ್ಕದು. ಮಾಲೀಕನ ಔದಾರ್ಯವನ್ನು ನೆಚ್ಚಿ ದೇಹದ ಅಂಗವನ್ನು ಕೊಡುವುದು ಸಣ್ಣ ಧೈರ್ಯವಲ್ಲ.

ಅಸ್ಥಿಮಜ್ಜೆಯ ವಿಚಾರವೇ ಬೇರೆ. ಇಂದು ಮಜ್ಜೆಯ ಮೂಲಕೋಶಗಳನ್ನು ಬಹುಮಟ್ಟಿಗೆ ತೋಳಿನ ರಕ್ತದಿಂದಲೇ ಬೇರ್ಪಡಿಸಿ ತೆಗೆಯುತ್ತಾರೆ. ಅದಕ್ಕೆ ಮುನ್ನ ಕೆಲವು ದಿನ ಚುಚ್ಚುಮದ್ದು. ದಾನಿಯು ಅಲ್ಪಕಾಲದಲ್ಲೇ ಕೆಲಸಕ್ಕೆ ಮರಳುತ್ತಾನೆ. ಅಮೆರಿಕದ 1999ರ ಕಾನೂನು ತನ್ನ ಕೇಂದ್ರ ನೌಕರರಿಗೆ ಅಂಗದಾನಕ್ಕೆ 30 ದಿನ, ಮಜ್ಜೆಗೆ 7 ದಿನ ಎಂದು ಎರಡನ್ನೂ ಬಿಡಿಸಿ ಹೇಳಿದೆ. ನಮ್ಮ 2023ರ ಆದೇಶವು ಮಾತನಾಡುವುದು ಅಂಗವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಕುರಿತು.

ಆದಕಾರಣ ದಾನಕ್ಕೆ ಒಪ್ಪಿದವರು, ಯಾವ ಸಂಸ್ಥೆಯವರೇ ಆಗಲಿ, ಆಸ್ಪತ್ರೆಯ ದಿನಾಂಕ ನಿಗದಿಯಾಗುವ ಮೊದಲೇ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ರಜೆ ಎಷ್ಟು ದಿನ, ಸಂಬಳ ಉಂಟೋ ಇಲ್ಲವೋ, ಮರಳಿದಾಗ ಅದೇ ಹುದ್ದೆ ಸಿಗುವುದೋ ಎಂಬ ಮೂರಕ್ಕೂ ಬರವಣಿಗೆಯಲ್ಲೇ ಉತ್ತರ ಪಡೆದು, ವೈದ್ಯರ ಶಿಫಾರಸಿನ ಪ್ರತಿಯೊಂದಿಗೆ ಮನೆಯಲ್ಲಿ ಇರಿಸಿಕೊಳ್ಳುವುದು ಲೇಸು.