ಮಳೆಸೀಮೆಯ ಶಾಲೆ ಮತ್ತು ಬೆಳಕಿನ ಹಲಗೆ

ಹಾಸನದಿಂದ ಪಡುವಣಕ್ಕೆ ಹೊರಟವರಿಗೆ ಆಲೂರಿನ ಆಚೆಗೆ ನೆಲದ ಚಹರೆಯೇ ಬದಲಾಗುತ್ತ ಹೋಗುವುದು ಕಾಣುತ್ತದೆ. ಬಯಲಿನ ಹೊಲಗಳು ಹಿಂದೆ ಸರಿದು, ಗದ್ದೆಗಳ ಕಣಿವೆಗಳೂ ಮರದ ನೆರಳಿನ ಕಾಫಿಯ ತೋಟಗಳೂ ಎದುರಾಗುತ್ತವೆ. ಹೇಮಾವತಿಯ ದಡದ ಸಕಲೇಶಪುರವನ್ನು ಬಿಟ್ಟು ಇನ್ನಷ್ಟು ಮುಂದೆ ಹೋದರೆ ಘಟ್ಟದ ಅಂಚು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಮಳೆಯದೇ ರಾಜ್ಯಭಾರ. ಮರ ಬಿದ್ದು ತಂತಿ ಹರಿಯುವುದು, ತಂತಿ ಹರಿದು ದೀಪ ಆರುವುದು, ದೀಪದೊಡನೆ ದೂರವಾಣಿಯೂ ಮೂಕವಾಗುವುದು, ಇವೆಲ್ಲ ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ಊರುಗಳಾದರೂ ಬಯಲುಸೀಮೆಯಂತೆ ಒತ್ತಾಗಿ ಕಟ್ಟಿದವಲ್ಲ. ಗುಡ್ಡದ ಮಗ್ಗುಲಿಗೊಂದು, ತೋಟದ ನಡುವೆಯೊಂದು ಎಂಬಂತೆ ಚೆದುರಿದ ಮನೆಗಳು. ಆದ್ದರಿಂದ ಒಬ್ಬರೋ ಇಬ್ಬರೋ ಉಪಾಧ್ಯಾಯರು ಹಲವು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಬೇಕಾದ ಚಿಕ್ಕ ಶಾಲೆಗಳು ಈ ಸೀಮೆಯಲ್ಲಿ ಅಪರೂಪವಲ್ಲ.

ಇಂಥ ಶಾಲೆಗೆ ನಾಳೆ ಹೋಗಲಿರುವ ಉಪಾಧ್ಯಾಯಿನಿ ಇಂದು ಯಾವುದೋ ತರಬೇತಿ ಕಾಲೇಜಿನಲ್ಲಿ ಕುಳಿತು ಗಣಕಯಂತ್ರ, ಬೆಳಕಿನ ಹಲಗೆ, ಅಂಗೈಯಗಲದ ದೂರವಾಣಿ ಇವುಗಳ ಮೂಲಕ ಪಾಠ ಮಾಡುವುದನ್ನು ಕಲಿಯುತ್ತಿದ್ದಾಳೆ. ಆಕೆ ಕಲಿಯಬೇಕಾದದ್ದು ನಿಜವಾಗಿ ಏನು? ಗುಂಡಿ ಒತ್ತುವುದನ್ನೇ, ಅಥವಾ ಅದಕ್ಕಿಂತ ಹಿರಿದಾದ ಇನ್ನೇನನ್ನಾದರೂ? ಈ ಪ್ರಶ್ನೆಯನ್ನು ಕೊಂಚ ನಿಧಾನವಾಗಿ ವಿಚಾರಿಸುವುದು ಒಳಿತು.

ಶಾಲೆಗೆ ಹೊಸ ಯಂತ್ರ ಬಂದದ್ದು ಇದೇ ಮೊದಲಲ್ಲ. ಇಂದು ನಾವು ತೀರ ಹಳೆಯದೆಂದು ಎಣಿಸುವ ಕರಿಹಲಗೆಯೂ ಒಂದು ಕಾಲದ ಹೊಸ ಉಪಕರಣವೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಭಾರತ ಸರ್ಕಾರವು ಪ್ರಾಥಮಿಕ ಶಾಲೆಗಳ ಕನಿಷ್ಠ ಸೌಕರ್ಯಗಳಿಗಾಗಿ ಹೂಡಿದ ಯೋಜನೆಗೆ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂದೇ ಹೆಸರಿಟ್ಟಿತು. ಅಂದಿಗೂ ಎಷ್ಟೋ ಶಾಲೆಗಳಿಗೆ ಒಂದು ಒಳ್ಳೆಯ ಹಲಗೆಯೇ ದುರ್ಲಭವಾಗಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಆದರೆ ಅದಕ್ಕೂ ಹತ್ತು ವರ್ಷಗಳ ಮೊದಲೇ ನಮ್ಮ ನಾಡಿನ ಕೆಲವು ಹಳ್ಳಿಗಳಿಗೆ ಆಕಾಶದಿಂದ ಪಾಠ ಇಳಿದಿತ್ತು! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆ ಪ್ರಯೋಗಕ್ಕೆ ಸೇರಿದ್ದವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ, ಸಂಜೆ ಊರ ಹಿರಿಯರಿಗೆ. ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮದೇ ‘ಎಡುಸ್ಯಾಟ್’ ಉಪಗ್ರಹ ಮೇಲೇರಿದಾಗ, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು.

ಈ ಚರಿತ್ರೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1975ರ ಆ ಪ್ರಯೋಗವನ್ನು ನಡೆಸಿದವರು ದೂರದರ್ಶನದ ಪೆಟ್ಟಿಗೆಯೊಂದನ್ನೇ ನಂಬಿ ಕೂರಲಿಲ್ಲ. ಹತ್ತಾರು ಸಾವಿರ ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಡುವಾಗ ದೂರದರ್ಶನದ ಜೊತೆಗೆ ರೇಡಿಯೋ, ಅಚ್ಚಾದ ಪುಸ್ತಿಕೆ, ಕೈಯಾರೆ ಮಾಡಿ ನೋಡುವ ಪ್ರಯೋಗ ಇವೆಲ್ಲವನ್ನೂ ಹೆಣೆದರು. ಪೆಟ್ಟಿಗೆ ತೋರಿಸಬಲ್ಲದು, ಕೇಳಿದ ಪ್ರಶ್ನೆಗೆ ಮರುನುಡಿಯಬೇಕಾದವನು ಎದುರಿಗಿರುವ ಮನುಷ್ಯ. ಇದು ಅವರಿಗೆ ತಿಳಿದಿತ್ತು.

ಆ ತಿಳಿವಳಿಕೆಯ ಬೆಲೆಯೇನೆಂಬುದು 2020ರಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ‘ಚಂದನ’ ವಾಹಿನಿಯಲ್ಲಿ ಪಾಠಗಳು ಬಿತ್ತರವಾದವು. ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿಯಲ್ಲೋ ಮರದಡಿಯಲ್ಲೋ ಕಲಿಸುವ ‘ವಿದ್ಯಾಗಮ’ವೂ ಆರಂಭವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ನಿಂತಿತು. ಮಲೆನಾಡಿನ ಮಕ್ಕಳ ಪಾಡು ಬೇರೆಯೇ ಆಗಿತ್ತು. ದೂರವಾಣಿಯ ಸಂಕೇತವನ್ನು ಹುಡುಕಿಕೊಂಡು ಅವರು ಗುಡ್ಡ ಹತ್ತಿದರು. ಸಕಲೇಶಪುರದಿಂದ ಘಟ್ಟ ಇಳಿದರೆ ಸಿಗುವ ಸುಳ್ಯ ತಾಲ್ಲೂಕಿನಲ್ಲಿ, ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆಯೊಬ್ಬರು ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಜೂನ್ ತಿಂಗಳಿನಲ್ಲಿ ನಾಡೆಲ್ಲ ಕಂಡಿತು. ಆ ಚಿತ್ರದಲ್ಲಿ ಕಲಿಯುವ ಆಸೆಗೂ ಕೊರತೆಯಿರಲಿಲ್ಲ, ತಂದೆಯ ಮಮತೆಗೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಆ ಹುಡುಗಿಯ ನೆಲವನ್ನು ಎಣಿಕೆಗೆ ತೆಗೆದುಕೊಂಡು ಯೋಚಿಸಿದ ಏರ್ಪಾಡಿಗೆ.

ಭಾವೀ ಉಪಾಧ್ಯಾಯರಿಗೆ ಇದನ್ನೆಲ್ಲ ಕಲಿಸುವ ಅವಕಾಶ ಪಠ್ಯಕ್ರಮದಲ್ಲಿ ಇಲ್ಲದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ರೂಪಿಸಿದ ನಿಯಮಗಳು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ಹಿಗ್ಗಿಸಿದವು; ಶಾಲೆಯಲ್ಲಿದ್ದು ಮಾಡಬೇಕಾದ ಅಭ್ಯಾಸಕ್ಕೆ 20 ವಾರಗಳನ್ನು ಗೊತ್ತುಮಾಡಿದವು. ಅದರ ಪಠ್ಯಕ್ರಮದ ಚೌಕಟ್ಟಿನಲ್ಲಿ ಮಾಹಿತಿ ಹಾಗೂ ಸಂವಹನ ತಂತ್ರಜ್ಞಾನಕ್ಕೆ ಒಂದು ಪ್ರತ್ಯೇಕ ವಿಷಯವಿದ್ದು, ಅದರ ಹೆಸರು ತಂತ್ರಜ್ಞಾನದ ‘ವಿಮರ್ಶಾತ್ಮಕ ತಿಳಿವಳಿಕೆ’ ಎಂದಿದೆ. ಈ ‘ವಿಮರ್ಶಾತ್ಮಕ’ ಎಂಬ ವಿಶೇಷಣವೇ ಇಲ್ಲಿ ಮುಖ್ಯ. ಯಂತ್ರವನ್ನು ಬಳಸುವುದಷ್ಟೇ ಅಲ್ಲ, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಅದಿಲ್ಲದಾಗ ಏನು ಮಾಡಬೇಕು ಎಂಬ ವಿವೇಚನೆಯೇ ಆ ವಿದ್ಯೆಯ ತಿರುಳು. ಈ ವಿವೇಚನೆಗೆ ಆಲೂರು ಸಕಲೇಶಪುರಗಳ ಗುಡ್ಡಗಳೇ ಹೇಳಿಮಾಡಿಸಿದ ಪಾಠಶಾಲೆ. ಎರಡು ಮೂರು ನಿದರ್ಶನಗಳಿಂದ ಇದನ್ನು ವಿಶದಪಡಿಸಬಹುದು.

ಸಕಲೇಶಪುರದ ಮಗ್ಗುಲಿನ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದನು. ಐರೋಪ್ಯರ ಕೋಟೆಗಳ ಮಾದರಿಯಲ್ಲಿ ಎಂಟು ಮೂಲೆಗಳ ನಕ್ಷತ್ರದಂತೆ ಅದರ ವಿನ್ಯಾಸ. ಸುತ್ತಲಿನ ಊರಿನ ಮಕ್ಕಳು ಆ ಮೆಟ್ಟಿಲುಗಳನ್ನು ಎಷ್ಟೋ ಸಲ ಹತ್ತಿಳಿದಿರಬಹುದು. ಆದರೆ ಕೋಟೆಯೊಳಗೆ ನಿಂತವರಿಗೆ ನಕ್ಷತ್ರ ಕಾಣುವುದಿಲ್ಲ. ಕಾಣುವುದು ಗೋಡೆ ಮತ್ತು ತಿರುವು. ಉಪಗ್ರಹದ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದೊಡನೆ ಅದೇ ಮಗು ಮೊಟ್ಟಮೊದಲ ಬಾರಿಗೆ ತನ್ನ ಕೋಟೆಯನ್ನು ನಕ್ಷತ್ರವಾಗಿ ಕಾಣುತ್ತದೆ. ಇಲ್ಲಿ ಯಂತ್ರವು ಕಣ್ಣಿಗೆ ನಿಲುಕದ್ದನ್ನು ನಿಲುಕಿಸಿತು. ಆದರೆ ಪಾಠ ಮುಗಿಯುವುದು ಅಲ್ಲಲ್ಲ, ತೊಡಗುವುದು ಅಲ್ಲಿ. ಕೋಟೆಗೆ ಮೂಲೆಗಳು ಏಕೆ ಚಾಚಿಕೊಂಡಿರಬೇಕು? ನೇರ ಗೋಡೆಯ ಬುಡಕ್ಕೆ ಬಂದು ಅಡಗಿದ ಶತ್ರುವನ್ನು ಗೋಡೆಯ ಮೇಲಿನವನು ಕಾಣಲಾರ. ಚಾಚಿದ ಮೂಲೆಯಲ್ಲಿ ನಿಂತವನು ಮಗ್ಗುಲ ಗೋಡೆಯ ಬುಡವನ್ನೆಲ್ಲ ಕಾಣಬಲ್ಲ. ಇದನ್ನು ಮಕ್ಕಳೇ ಕೋಟೆಗೆ ಹೋಗಿ, ಒಬ್ಬನು ಬುಡದಲ್ಲಿ ನಿಂತು ಮತ್ತೊಬ್ಬನು ಮೂಲೆಯಿಂದ ಇಣುಕಿ, ತೀರ್ಮಾನಿಸಬೇಕು. ಚಿತ್ರ ಪ್ರಶ್ನೆಯನ್ನು ಕೊಟ್ಟಿತು, ಉತ್ತರ ಕಾಲ್ನಡಿಗೆಯಲ್ಲಿದೆ.

ಎರಡನೆಯದು ಮಳೆಯ ಪಾಠ. ಕಾಫಿಯ ಬೆಳೆಗಾರರು ದಿನದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವುದು ಈ ಸೀಮೆಯ ಹಳೆಯ ರೂಢಿ. ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದರ ಮೇಲೆ ವರ್ಷದ ಫಸಲೇ ನಿಂತಿರುತ್ತದೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಅಂಗಳದಲ್ಲಿಟ್ಟರೆ ಶಾಲೆಗೂ ಒಂದು ಮಳೆಮಾಪಕ ಸಿದ್ಧ. ಡಬ್ಬಿ ದೊಡ್ಡದಾದರೆ ಮಳೆ ಹೆಚ್ಚೆಂದು ತೋರದೆ? ಹುಡುಗರು ಕೇಳಿಯೇ ಕೇಳುತ್ತಾರೆ. ಬಾಯಿ ಅಗಲವಾದಷ್ಟೂ ಬೀಳುವ ನೀರು ಹೆಚ್ಚು, ಅದು ಹರಡಿಕೊಳ್ಳುವ ತಳವೂ ಅಷ್ಟೇ ಹೆಚ್ಚು. ಆದ್ದರಿಂದ ನೀರಿನ ಎತ್ತರ ಒಂದೇ. ಎರಡು ಡಬ್ಬಿಗಳನ್ನಿಟ್ಟು ನೋಡಿದರೆ ಸಂಶಯ ಪರಿಹಾರ. ಆ ಅಂಕಿಗಳನ್ನು ಗಣಕದ ಕೋಷ್ಟಕದಲ್ಲಿ ತುಂಬಿದರೆ ತಿಂಗಳ ಮಳೆ ಕಂಬಗಳ ಸಾಲಾಗಿ ಏಳುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್; ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಾಗಾದರೆ ನಮ್ಮ ಶಾಲೆಯ ಮಾಡಿನಿಂದ ಈ ಆಷಾಢದಲ್ಲಿ ಎಷ್ಟು ನೀರು ಹರಿದುಹೋಯಿತು? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಅಂಕಿ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಅದರ ಅಂಕಿಯೊಂದಿಗೆ ನಮ್ಮ ಡಬ್ಬಿಯ ಅಂಕಿ ಏಕೆ ಹೊಂದಲಿಲ್ಲ? ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆಯೇ? ಹೀಗೆ ಗಣಿತ, ಭೂಗೋಳ, ಬೇಸಾಯ ಮೂರೂ ಒಂದೇ ಡಬ್ಬಿಯಲ್ಲಿ ತುಂಬಿಕೊಳ್ಳುತ್ತವೆ. ಇಲ್ಲಿ ಯಂತ್ರವು ನೆನಪಿಗೆ ನಿಲುಕದ್ದನ್ನು ಎಣಿಸಿಟ್ಟಿತು.

ಮೂರನೆಯದು ನುಡಿಯ ವಿಚಾರ. ತೋಟದ ಕೆಲಸಕ್ಕೆ ದೂರದ ಸೀಮೆಗಳಿಂದ ಬಂದ ಕುಟುಂಬಗಳ ಮಕ್ಕಳೂ ಇಲ್ಲಿನ ಶಾಲೆಗಳಲ್ಲಿರುವುದುಂಟು. ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದು. ಅಂಥ ಮಗು ಓದಿದ್ದನ್ನು ದೂರವಾಣಿಯಲ್ಲಿ ಮುದ್ರಿಸಿಕೊಂಡು ಅದಕ್ಕೇ ಕೇಳಿಸಿದರೆ, ಎಲ್ಲಿ ತಡವರಿಸಿದೆನೆಂಬುದು ಬೆತ್ತವಿಲ್ಲದೆ, ಗದರಿಕೆಯಿಲ್ಲದೆ ತಿಳಿಯುತ್ತದೆ. ಇನ್ನು ಉಪಾಧ್ಯಾಯಿನಿಗೆ ಗಣಕದಲ್ಲಿ ಕನ್ನಡ ಬರೆಯಲು ಸರಾಗವಾಗಿ ಬರಬೇಕು. ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಆ ದಾರಿಯನ್ನು ತೆರೆದವು. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ಎತ್ತಿದ್ದರೆಂಬುದನ್ನು ಸಾಹಿತ್ಯದ ಓದುಗರು ಬಲ್ಲರು. ತನ್ನ ಊರಿನ ಮಳೆಯ ಪಾಠವನ್ನು ತಾನೇ ಕನ್ನಡದಲ್ಲಿ ಬರೆದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬಂಥ ಜಾಲತಾಣಕ್ಕೆ ಸೇರಿಸಬಲ್ಲ ಉಪಾಧ್ಯಾಯಿನಿ, ಬೇರೆಯವರು ಕಳಿಸಿದ ಪಾಠವನ್ನು ಹಂಚುವ ಅಂಚೆಯಾಳಾಗಿ ಉಳಿಯುವುದಿಲ್ಲ.

ಎಲ್ಲ ಸರಿ, ಕರೆಂಟು ಹೋದರೆ? ಈ ಪ್ರಶ್ನೆಯನ್ನು ನಗೆಮಾತೆಂದು ತಳ್ಳುವಂತಿಲ್ಲ. ಮಳೆಸೀಮೆಯ ತರಬೇತಿಯಲ್ಲಿ ಇದೇ ಮೊದಲ ಪ್ರಶ್ನೆಯಾಗಬೇಕು. ಪಠ್ಯಪುಸ್ತಕದ ಚೌಕಗುರುತಿನ ಹಿಂದಿರುವ ‘ದೀಕ್ಷಾ’ದ ಪಾಠಗಳನ್ನು, 2017ರಿಂದ ದೊರೆಯುತ್ತಿರುವ ಆ ಸಾಮಗ್ರಿಯನ್ನು, ಸಂಕೇತವಿರುವ ಊರಿನಲ್ಲಿದ್ದಾಗಲೇ ಇಳಿಸಿಟ್ಟುಕೊಳ್ಳುವುದು ಒಂದು ಉಪಾಯ. ಅದಕ್ಕಿಂತ ದೊಡ್ಡ ಉಪಾಯವೆಂದರೆ ಹಲಗೆ ಆರಿದರೂ ಆರದಂತೆ ಪಾಠವನ್ನು ಕಟ್ಟುವುದು. ಕೋಟೆಯ ಚಿತ್ರ ಕಾಣದಿದ್ದರೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಕ್ಷತ್ರ ಬರೆಯಬಹುದು. ಮಳೆಯ ಡಬ್ಬಿಗಂತೂ ಕರೆಂಟೇ ಬೇಡ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕು! ಡೊಂಕು ನೆಲದ ಮೇಲೂ ಕುಣಿಯಬಲ್ಲವರನ್ನು ಸಿದ್ಧಮಾಡುವುದೇ ತರಬೇತಿ ಕಾಲೇಜಿನ ಹೊಣೆ. ಹಾಗೆಂದು ತಂತಿ ಎಳೆಯಬೇಕಾದವರ, ಗೋಪುರ ನಿಲ್ಲಿಸಬೇಕಾದವರ ಹೊಣೆಯನ್ನೂ ಉಪಾಧ್ಯಾಯಿನಿಯ ಜಾಣ್ಮೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆಕೆಯ ಉಪಾಯ ಒಂದು ದಿನದ ಪಾಠವನ್ನು ಉಳಿಸೀತು. ವರ್ಷವಿಡೀ ನಡೆಯುವ ಅಸಮಾನತೆಯನ್ನು ಅಳಿಸಲಾರದು.

ಯಂತ್ರಕ್ಕೆ ಜನ ಒಲಿಯುವುದು ಹೇಗೆಂಬುದಕ್ಕೆ ಈ ಗುಡ್ಡಗಳಲ್ಲೇ ಒಂದು ದೃಷ್ಟಾಂತವಿದೆ. ಆಲೂರು ಸಕಲೇಶಪುರಗಳ ತೋಟಗಳಲ್ಲಿ ಕಾಡಾನೆಗಳ ಓಡಾಟ ಪ್ರಾಣಾಂತಿಕ ಸಮಸ್ಯೆ. ಆನೆಗಳು ಇಂದು ಎಲ್ಲಿವೆಯೆಂಬ ಸುದ್ದಿಯನ್ನು ದೂರವಾಣಿಯ ಸಂದೇಶದಿಂದ, ವಾಟ್ಸ್‌ಆಪ್ ಗುಂಪುಗಳಿಂದ, ರಸ್ತೆಯ ಬದಿಯ ಬೆಳಕಿನ ಫಲಕಗಳಿಂದ ಜನರಿಗೆ ಮುಟ್ಟಿಸುವ ಏರ್ಪಾಡು ಇಲ್ಲಿ ನಡೆದುಬಂದಿದೆ. ಈ ಸಂದೇಶವನ್ನು ಓದಲು ಯಾರಿಗೂ ಯಾವ ಶಿಬಿರವೂ ಬೇಕಾಗಲಿಲ್ಲ. ಏಕೆಂದರೆ ಅದು, ಮಗುವನ್ನು ಇಂದು ಯಾವ ದಾರಿಯಲ್ಲಿ ಶಾಲೆಗೆ ಕಳಿಸಲಿ ಎಂಬ ತಾಯಿಯ ಪ್ರಶ್ನೆಗೆ ಉತ್ತರ. ಪ್ರಶ್ನೆ ಮೊದಲು ಹುಟ್ಟಿತು, ಯಂತ್ರ ಅದರ ಸೇವೆಗೆ ಬಂತು.

ತರಗತಿಯಲ್ಲೂ ಕ್ರಮ ಇದೇ ಆಗಬೇಕು. ಯಂತ್ರವನ್ನು ಮೊದಲು ತಂದಿಟ್ಟು, ಇದಕ್ಕೆ ತಕ್ಕ ಪಾಠ ಯಾವುದೆಂದು ಹುಡುಕುವುದು ಹಲ್ಲು ಬರುವ ಮೊದಲೇ ಕಡಲೆ ಕೊಟ್ಟಂತೆ. ಮಳೆ ನಿಂತ ಬೆಳಗ್ಗೆ ಡಬ್ಬಿಯ ಬಳಿಗೆ ಓಡಿ ಬಗ್ಗಿ ನೋಡುವ ಹುಡುಗಿಗೆ ಅಂಕಿ ಬೇಕಾಗಿದೆ; ಬೇಕಾಗಿರುವುದರಿಂದಲೇ ಆಕೆ ಗಣಕವನ್ನೂ ಕಲಿಯುತ್ತಾಳೆ, ಗಣಿತವನ್ನೂ ಕಲಿಯುತ್ತಾಳೆ. ಆ ಬೇಕು ಎಂಬುದನ್ನು ಹುಟ್ಟಿಸುವ ಯಂತ್ರವನ್ನು ಈವರೆಗೆ ಯಾರೂ ಮಾಡಿಲ್ಲ. ಆ ಕೆಲಸ ಇಂದಿಗೂ ಉಪಾಧ್ಯಾಯರದೇ.