ವಿಶೇಷ ಶಿಕ್ಷಕರ ತರಬೇತಿ ಮತ್ತು ಜನಪದ ಜ್ಞಾನ

ಅಂಗವೈಕಲ್ಯವುಳ್ಳ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ಸಿದ್ಧಪಡಿಸುವ ಕಾರ್ಯವು ಇಂದು ವಿಶ್ವವಿದ್ಯಾಲಯದ ಒಂದು ಅಧ್ಯಯನ ಶಿಸ್ತಾಗಿ ನೆಲೆಗೊಂಡಿದೆ. ಕರ್ನಾಟಕದಲ್ಲಿ ಇದಕ್ಕೆ ಬೇರೊಂದು ಪರಂಪರೆಯೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು (1914-2010) ಅಂಧ ಮಕ್ಕಳಿಗೆ ಸಂಗೀತ ವಿದ್ಯೆಯನ್ನು ಧಾರೆಯೆರೆದರು. ಅಲ್ಲಿ ಕಿವಿ, ಬೆರಳು, ನೆನಪುಗಳೇ ಪಠ್ಯ. ಗುರುವಿನ ಬದುಕೇ ತರಬೇತಿ.

ಆಧುನಿಕ ವ್ಯವಸ್ಥೆಯ ಸ್ವರೂಪ ಭಿನ್ನವಾದುದು. ಮೈಸೂರಿನಲ್ಲಿ 1965ರಲ್ಲಿ ಆರಂಭಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ ಶ್ರವಣದೋಷವುಳ್ಳ ಮಕ್ಕಳ ಶಿಕ್ಷಕರನ್ನೂ ರೂಪಿಸುತ್ತ ಬಂದಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯು ಇಂತಹ ತರಬೇತಿಗೆ ಮಾನದಂಡವನ್ನೂ ತರಬೇತಾದವರಿಗೆ ನೋಂದಣಿಯನ್ನೂ ವಿಧಿಸಿತು. 1995ರ ಕಾಯ್ದೆ ಗುರುತಿಸಿದ್ದ 7 ಬಗೆಯ ವೈಕಲ್ಯಗಳಿಗೆ ಬದಲಾಗಿ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಬ್ರೈಲ್ ಮತ್ತು ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು, ಅವರಲ್ಲಿ ಅಂಗವಿಕಲ ಶಿಕ್ಷಕರನ್ನೂ ಒಳಗೊಂಡು, ತರಬೇತುಗೊಳಿಸಿ ನೇಮಿಸಿಕೊಳ್ಳಬೇಕೆಂದು ಅದು ಹೇಳುತ್ತದೆ.

ತರಬೇತಿಯ ತಿರುಳು ತಂತ್ರಜ್ಞಾನದಷ್ಟೇ ಭಾಷೆಯಲ್ಲಿಯೂ ಇದೆ. ಬ್ರೈಲಿನ ಆರು ಚುಕ್ಕಿಗಳ ಜೋಡಣೆಯಿಂದ 63 ಸಂಕೇತಗಳು ಹುಟ್ಟುತ್ತವೆ. ಕಣ್ಣಿನ ಓದಿನಲ್ಲಿ ಒತ್ತಕ್ಷರವು ಕೆಳಗೆ ಕೂರುತ್ತದೆ. ಬ್ರೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಸಾಗುವುದರಿಂದ ಸಂಯುಕ್ತಾಕ್ಷರದ ಸೂಚನೆಯು ವ್ಯಂಜನಕ್ಕಿಂತ ಮೊದಲೇ ಬರುತ್ತದೆ. ಕನ್ನಡದ ಅಕ್ಷರ ವ್ಯವಸ್ಥೆಯನ್ನು ಆಳವಾಗಿ ಅರಿಯದ ಶಿಕ್ಷಕನಿಗೆ ಇದನ್ನು ಕಲಿಸುವುದು ಸುಲಭವಲ್ಲ.

ಇಲ್ಲಿ ಜನಪದ ಜ್ಞಾನ ನೆರವಿಗೆ ಬರುತ್ತದೆ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳಿರುವ ಅಳಗುಳಿಮಣೆಯನ್ನು ಬೆರಳಿನಿಂದಲೇ ಆಡಬಹುದು. ಹುಣಸೆಬೀಜಗಳನ್ನು ಹಂಚುತ್ತ ಹೋಗುವ ಅಂಧ ಮಗುವಿಗೆ ಎಣಿಕೆ, ಕ್ರಮ, ಊಹೆಗಳು ಒಟ್ಟಿಗೇ ಕೈಗೂಡುತ್ತವೆ. ಒಗಟಿನ ವಿಷಯ ಹಾಗಲ್ಲ. ಒಂದನ್ನು ಮತ್ತೊಂದರ ಮರೆಯಲ್ಲಿ ಅಡಗಿಸುವ ಈ ಪ್ರಕಾರವು ಕಿವಿಯ ಮೂಲಕ ಬೆಳೆದುಬಂದುದು. ಶ್ರವಣದೋಷವುಳ್ಳ ಮಗುವಿಗೆ ಮೊದಲು ವಸ್ತುವನ್ನು ತೋರಿಸಿ, ಅನಂತರ ಸಂಜ್ಞೆಯ ಮೂಲಕ ಹೋಲಿಕೆಯನ್ನು ಬಿಡಿಸಬೇಕಾಗುತ್ತದೆ. ಒಂದೇ ಸಾಮಗ್ರಿ ಎಲ್ಲ ಮಕ್ಕಳಿಗೂ ಒದಗದೆಂಬುದನ್ನು ಶಿಕ್ಷಕ ಅರಿಯಬೇಕು.

ಜನಪದವು ಸಂಪೂರ್ಣ ನಿರ್ದೋಷಿಯೂ ಅಲ್ಲ. ಕುರುಡ, ಕಿವುಡ, ಹೆಳವ ಎಂಬ ಪದಗಳನ್ನು ಅವಿವೇಕಕ್ಕೆ ಪರ್ಯಾಯವಾಗಿ ಬಳಸುವ ಗಾದೆಗಳು ನಮ್ಮಲ್ಲಿ ಸಾಕಷ್ಟಿವೆ. ಅದೇ ನಾಡಿನಲ್ಲಿ ಎತ್ತನ್ನೇರಿ ಮನೆಮನೆಗೆ ಬಂದು ವಂಶಾವಳಿಯನ್ನು ಹೇಳುವ ಹೆಳವ ಸಮುದಾಯವೂ ಇದೆ. ಕಾಲಿಲ್ಲದವನೆಂಬ ಅರ್ಥದ ಪದವೇ ಕುಲಗಳ ನೆನಪನ್ನು ಕಾಯುವವರ ಹೆಸರಾಗಿದೆ. ಶಿಕ್ಷಕನು ತನ್ನೂರಿನಿಂದ ಈ ಎರಡು ದೃಷ್ಟಿಗಳನ್ನೂ ಹೊತ್ತು ತರಗತಿಗೆ ಬರುತ್ತಾನೆ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಚನೆಯನ್ನು ತರಬೇತಿಯು ಕಲಿಸದಿದ್ದರೆ, ಮಗು ಬ್ರೈಲನ್ನು ಕಲಿತರೂ ತನ್ನ ಬಗೆಗಿನ ಹೀನಾಯವನ್ನೂ ಅದರೊಡನೆ ಕಲಿಯುತ್ತದೆ. ಆದುದರಿಂದ ವಿಶೇಷ ಶಿಕ್ಷಣದ ಪಠ್ಯಕ್ರಮದಲ್ಲಿ ಜಾನಪದ ಅಧ್ಯಯನಕ್ಕೆ ಸ್ಥಾನ ದೊರೆಯುವುದು ಅವಶ್ಯವಾಗಿದೆ.