ಭಾಮಾ ಇನ್ನೂ ಬಂದಿಲ್ರೀ!

ಶಿರಗುಪ್ಪಿ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರಿ ಅಂದರೆ ರಾತ್ರಿ ಒಂದು ಆಟ ಇರಬೇಕೆಂಬುದು ಹಳೇ ರೂಢಿ. ಹುಬ್ಬಳ್ಳಿಗೆ ಹೊಸದಾಗಿ ವರ್ಗವಾಗಿ ಬಂದ ಮೈಸೂರು ಕಡೆಯ ನೌಕರದಾರರೂ ಒಮ್ಮೊಮ್ಮೆ ನೋಡಲು ಬರುತ್ತಾರೆ. ಬರಲಿ, ಸಂತೋಷ. ಆದರೆ ಮುಂದಿನ ಖುರ್ಚಿ ಹಿಡಿದು ಕೂತು, ತಾಸೊಪ್ಪತ್ತಿನಲ್ಲಿ ಗಡಿಯಾರ ನೋಡಿ ಎದ್ದು ಹೋಗುತ್ತಾರಲ್ಲ, ನಮ್ಮ ತಕರಾರು ಅದಕ್ಕೆ.

ಶ್ರೀಕೃಷ್ಣ ಪಾರಿಜಾತವನ್ನೇ ತಗೊಳ್ಳಿ. ಅಪರಾಳ ತಮ್ಮಣ್ಣ ರಚಿಸಿದ್ದು, ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ್ದು, ಕೌಜಲಗಿ ನಿಂಗಮ್ಮ ಊರೂರಿಗೆ ಹೆಸರು ಮಾಡಿದ್ದು. ಕತೆ ಇಷ್ಟೇ: ನಾರದ ತಂದ ಪಾರಿಜಾತ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸುದ್ದಿ ಸತ್ಯಭಾಮೆಗೆ ಮುಟ್ಟಿತು. ಉಳಿದದ್ದೆಲ್ಲ ಆಕೆಯ ಸಿಟ್ಟು, ಈತನ ಓಲೈಕೆ. ಇಷ್ಟಕ್ಕೆ ಇಡೀ ರಾತ್ರಿ ಯಾಕ್ರೀ ಅಂತ ಹೊಸಬರು ಕೇಳುತ್ತಾರೆ.

“ಹಾಡಿದ್ದ ಹಾಡ್ತಾರಲ್ಲ?” ಎಂಬುದು ಅವರ ಎರಡನೇ ಪ್ರಶ್ನೆ. ಹೌದು, ಹಾಡಿದ್ದನ್ನೇ ಹಾಡುತ್ತಾರೆ. ಪಾತ್ರ ಒಂದು ನುಡಿ ಹೇಳಿದರೆ ಹಿಮ್ಮೇಳ ಅದನ್ನೇ ಎತ್ತಿಕೊಳ್ಳುತ್ತದೆ. ಆಮೇಲೆ ಭಾಗವತ “ಅಂದ್ರ ಏನವ್ವಾ?” ಎಂದು ಕೆದಕಿ, ಅದರ ಅರ್ಥವನ್ನು ಆಡುಮಾತಿನಲ್ಲಿ ಹೊರಗೆಳೆಯುತ್ತಾನೆ. ಮೊದಲ ಸಲ ರಾಗ ಕಿವಿಗೆ ಬೀಳುತ್ತದೆ, ಎರಡನೇ ಸಲ ಮಾತು ತಿಳಿಯುತ್ತದೆ, ಮೂರನೇದಕ್ಕೆ ನಗು. ಇಟಲಿಯ ಅಪೆರಾಕ್ಕೆ ಹೋಗುವವರು ಕತೆಯನ್ನು ಮೊದಲೇ ಓದಿಕೊಂಡು ಹೋಗುತ್ತಾರಂತೆ. ಇಲ್ಲಿ ಆ ತ್ರಾಸು ಇಲ್ಲ; ಭಾಗವತನೇ ನಿಮ್ಮ ಪುಸ್ತಕ.

ನಡುವೆ ಆಟ ನಿಲ್ಲಿಸಿ ಆಯೇರಿ ಕೂಗುತ್ತಾರೆ. ಯಾರು ಎಷ್ಟು ರೂಪಾಯಿ ಕೊಟ್ಟರೆಂದು ಮೈಕಿನಲ್ಲಿ ಸಾರುವುದು. ರಸಭಂಗ ಅನ್ನಿಸಬಹುದು, ನಮಗೂ ಒಮ್ಮೊಮ್ಮೆ ಅತಿಯೆನಿಸುತ್ತದೆ. ಆದರೆ ಊರು ಕಲಾವಿದನ ಬೆನ್ನು ಚಪ್ಪರಿಸುವ ಬಗೆ ಅದು.

ಖುರ್ಚಿ ಖಾಲಿಯಾದದ್ದು ರಂಗದ ಮೇಲಿನವರಿಗೆ ಕಾಣದೇ ಇರುತ್ತದೆಯೇ? ಉತ್ಸವಗಳ ವೇದಿಕೆಗೆ ತಾಸು, ಎರಡು ತಾಸಿನ ಪಾರಿಜಾತ ಈಗಾಗಲೇ ಬಂದಿದೆ. ಹಳ್ಳಿಯಲ್ಲೂ ಹಾಗೇ ಆದರೆ ಕತ್ತರಿ ಬೀಳುವುದು ಎಲ್ಲಿಗೆ? ಕತೆಗಂತೂ ಅಲ್ಲ, ಗೊಲ್ಲತಿಯ ಕೂಡ ಭಾಗವತ ಮಾಡುವ ಚೇಷ್ಟೆಗೆ, ಹಿಮ್ಮೇಳದ ಆ ಮರುಹಾಡಿಗೆ. ಅವೆರಡೂ ಹೋದ ಮೇಲೆ ಉಳಿಯುವುದು ಹೂವಿನ ಜಗಳವೊಂದೇ.

ಅದಕ್ಕೇ ಹೊಸಬರಿಗೆ ಇಷ್ಟು ಸೂಚನೆ: ಊಟ ಮುಗಿಸಿ ಬರ್ರಿ, ಒಂದು ಕಂಬಳಿ ತರ್ರಿ. ಖುರ್ಚಿ ಬಿಟ್ಟು ನೆಲದ ಮೇಲೆ, ಪೇಟಿ ಬಾರಿಸುವವನ ಕಡೆ ಕೂಡ್ರಿ. ಎದ್ದು ಹೊರಟರೆ ಮಗ್ಗಲಿನ ಅಜ್ಜ ಅಂಗಿ ಹಿಡಿದು ಎಳೆದಾನು: “ಕುಂದರ್ರಿ ಸಾಹೇಬ್ರ, ಭಾಮಾ ಇನ್ನೂ ಬಂದಿಲ್ಲ.” ನಿದ್ದಿ ಬಂದರೆ ಅಲ್ಲೇ ಅಡ್ಡಾಗಬಹುದು. ಆಕೆ ಬಂದಾಗ ಅವನೇ ಎಬ್ಬಿಸುತ್ತಾನೆ.